ಹೆವರಿನ್ ಹೊಲದ ಮೂಲೆ

ನವೆಂಬರ್ ೨, ೧೯೯೮. ಸೋಮವಾರ. ಮಧ್ಯಾಹ್ನ ೩.

ಮೃತರ ಪಟ್ಟಿಯ ನಕಲು ಮುಂದುವರಿದಿದೆ. ಇಪ್ಪತ್ತಾರು ಮನೆ ಮುಗಿದವು, ಹದಿನೈದು ಬಾಕಿ. ಈ ವರ್ಷದ ಮಸಿ ತೆಳು. ಫಾದರ್ ಜಾರ್ಲತ್ ಅವರ ಗಮನಕ್ಕೆ ತರಬೇಕು. ಓದುವವರು ಅವರೇ ತಾನೆ — ತಿಂಗಳ ಐದೂ ಭಾನುವಾರ, ಬಲಿಪೀಠದ ಮುಂದೆ, ಮನೆಮನೆಯ ಸತ್ತವರ ಹೆಸರು.

ಕಿಲ್‌ಬ್ರನ್ನಿನ ಪ್ರತಿಯೊಂದು ಕೈಬರಹವನ್ನೂ ಬಲ್ಲೆ. ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ಕುಳಿತವನಿಗೆ ಇದು ದೊಡ್ಡ ಮಾತಲ್ಲ. ಚರ್ಚಿನ ಪೆಟ್ಟಿಗೆಗೆ ಹಾಕಿದ ಚೀಟಿಯ ಮೇಲೆ ಮನೆಯ ಹೆಸರಿಲ್ಲದಿದ್ದರೂ ಯಾರ ಸತ್ತವರೆಂದು ಹೇಳಬಲ್ಲೆ. ಅಂಗಡಿಯ ಟೆಸ್ಸಿ ಗ್ಯಾರವನ್ ತನ್ನ ಗಂಡನ ಹೆಸರನ್ನು ಕೊನೆಗೆ, ಚಿಕ್ಕದಾಗಿ ಬರೆಯುತ್ತಾಳೆ. ಬದುಕಿದ್ದಾಗಲೂ ಅವನಿಗೆ ಅಷ್ಟೇ ಜಾಗ ಕೊಟ್ಟಿದ್ದಳು.

ನಮ್ಮ ಹೆವರಿನ್ ಮನೆಯದು ಎಂದಿನಂತೆ ಮೂರು ಹೆಸರು. ಅಪ್ಪ, ಅಮ್ಮ, ಚಿಕ್ಕಪ್ಪ.

ತಂಗಿ ಡೀಲಿಯಾ ಬಾಗಿಲಲ್ಲಿ ನಿಂತು: "ಸತ್ತವರಿಗೆ ಊಟದ ಹೊತ್ತು ಗೊತ್ತಾಗಲ್ಲ ಫಿಂಟನ್. ನಿನಗಾದ್ರೂ ಗೊತ್ತಾಗಬೇಕು. ಆಲೂಗಡ್ಡೆ ಆರಿ ಕಲ್ಲಾಯ್ತು."

ಎದ್ದೆ.

ನವೆಂಬರ್ ೩, ಮಂಗಳವಾರ. ಬೆಳಿಗ್ಗೆ ೧೧.

ಇಂದು ತಂದ ಚೀಟಿಗಳಲ್ಲಿ ಒಂದು — ಮನೆಯ ಹೆಸರಿಲ್ಲ, ಬರೆದವರ ಹೆಸರಿಲ್ಲ. ಅಚ್ಚಿನಂಥ ದೊಡ್ಡ ಅಕ್ಷರ. ಪೆನ್ಸಿಲು. ಹಿಂಬದಿಗೆ ಗುರುತು ಮೂಡುವಷ್ಟು ಒತ್ತಿ ಬರೆದದ್ದು. ಯಥಾವತ್ತಾಗಿ ಇಳಿಸುತ್ತೇನೆ:

'ಹೆವರಿನ್ ಹೊಲದ ಮೂಲೆಯಲ್ಲಿರುವ ಮಗುವಿಗೆ. ಹೆಸರು ಇಲ್ಲ.'

ಮೂರು ಬಾರಿ ಓದಿದೆ. ಈ ಊರಿನಲ್ಲಿ ನನಗೆ ಗುರುತು ಸಿಗದ ಕೈಬರಹ. ಹೀಗೆ ಎಂದೂ ಆಗಿದ್ದಿಲ್ಲ.

ಡೀಲಿಯಾ ಅಡುಗೆಮನೆಯಲ್ಲಿ ಒಲೆಯ ಬೂದಿ ತೆಗೆಯುತ್ತಿದ್ದಳು. ಚೀಟಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟೆ. ಪುಸ್ತಕಕ್ಕೆ ಏರಿಸಲಿಲ್ಲ.

ಅದೇ ದಿನ, ಮಧ್ಯಾಹ್ನ ೨.

ಡೀಲಿಯಾ ಅಂಗಡಿಗೆ ಹೋಗಿದ್ದಾಳೆ. ಐವತ್ತಮೂರು ವರ್ಷ ಎಲ್ಲಿಯೂ ಬರೆಯದಿದ್ದುದನ್ನು ಬರೆಯುತ್ತೇನೆ. ಬರೆದರೆ ಕ್ರಮಕ್ಕೆ ಬರುತ್ತದೆ. ಕ್ರಮಕ್ಕೆ ಬಂದದ್ದು ಹೆದರಿಸುವುದಿಲ್ಲ — ಎಂದು ಇದುವರೆಗೆ ನಂಬಿಕೊಂಡು ಬಂದಿದ್ದೇನೆ.

೧೯೪೫ನೆಯ ಇಸವಿ ಫೆಬ್ರವರಿ ೯. ನನ್ನ ತಂಗಿ ಡೀಲಿಯಾಗೆ, ಮದುವೆಯಿಲ್ಲದೆ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಈ ಮನೆಯ ಹಿಂದಿನ ಕೋಣೆಯಲ್ಲಿ ಗಂಡು ಮಗು ಹುಟ್ಟಿತು. ಬೆಳಿಗ್ಗೆ ಒಂಬತ್ತಕ್ಕೆ. ಹನ್ನೊಂದಕ್ಕೆ ಅಪ್ಪ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಹೊರಬಂದರು. ಪಟ್ಟಣದಲ್ಲಿ ಸನ್ಯಾಸಿನಿಯರು ನಡೆಸುವ ಕಾನ್ವೆಂಟಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಗಾಡಿ ಹೊಡೆದವನು ನಾನು. ಸೇತುವೆಯ ಹತ್ತಿರ ಅಪ್ಪ "ನಿಲ್ಸು" ಅಂದರು. ಮಗು ಹೋಗಿಬಿಟ್ಟಿತ್ತು.

ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನವಾಗಿರಲಿಲ್ಲ. ಆದಕಾರಣ ಚರ್ಚಿನ ಅಂಗಳದಲ್ಲಿ ಜಾಗವಿಲ್ಲ. ನಮ್ಮ ಹೊಲದ ಮೂಲೆಯಲ್ಲಿ, ಮುಳ್ಳುಮರಗಳ ನಡುವೆ, ಅಂಥ ಮಕ್ಕಳಿಗೆಂದೇ ಹಿಂದಿನವರು ಬಿಟ್ಟ ನೆಲವಿತ್ತು. ಕಿಲ್ಲೀನ್ ಎನ್ನುತ್ತಿದ್ದರು. ಅಜ್ಜನ ಕಾಲಕ್ಕೇ ನಿಂತುಹೋದ ಪದ್ಧತಿ. ಅಲ್ಲಿ ಹೂಳಿದೆವು, ಅಪ್ಪ ಮತ್ತು ನಾನು. ಪ್ರಾರ್ಥನೆ ಹೇಳಲಿಲ್ಲ. ಹೇಳಬಹುದೋ ಕೂಡದೋ ಇಬ್ಬರಿಗೂ ತಿಳಿಯಲಿಲ್ಲ.

"ಕಾನ್ವೆಂಟಿನವರು ತಗೊಂಡ್ರು ಅಂತ ಅವಳಿಗೆ ಹೇಳು," ಎಂದರು ಅಪ್ಪ. ಹೇಳಿದೆ.

ಮರುವರ್ಷ ಡೀಲಿಯಾ ಕಾನ್ವೆಂಟಿಗೇ ಹೋಗಿ ಕೇಳುವೆನೆಂದು ಕೋಟು ತೊಟ್ಟಳು. ತಡೆಯಬೇಕಿತ್ತು. ಕಾನ್ವೆಂಟಿನ ಹೆಸರಿನಲ್ಲಿ ಒಂದು ಪತ್ರ ಬರೆದೆ. ಮಗು ಕ್ಷೇಮ, ಫ್ರಾನ್ಸಿಸ್ ಎಂದು ಹೆಸರಿಡಲಾಗಿದೆ, ತಾಯಿ ಬರುವುದು ಮಗುವಿನ ಹಿತಕ್ಕೆ ಒಳ್ಳೆಯದಲ್ಲ. ಅಂಚೆ ಕಚೇರಿ ನನ್ನದು, ಮೊಹರೂ ನನ್ನ ಕೈಯದು. ಆ ಮೇಲೆ ವರ್ಷಕ್ಕೊಂದು. ಒಟ್ಟು ಹದಿನೇಳು ಪತ್ರ. ಕೊನೆಯದರಲ್ಲಿ ಅವನನ್ನು ಬಾಸ್ಟನ್ನಿಗೆ ಕಳುಹಿಸಿದೆ.

೧೯೬೧ರಲ್ಲಿ ಕೌಂಟಿ ಕಚೇರಿಯವರು ರಸ್ತೆ ಅಗಲಿಸುವ ಸಂಬಂಧ ಆ ಮೂಲೆಯ ಬಗ್ಗೆ ವಿಚಾರಿಸಿದರು. ಊರಿನ ಪರವಾಗಿ ಉತ್ತರ ಬರೆದವನೂ ನಾನೇ. 'ಸದರಿ ಮೂಲೆಯಲ್ಲಿ ಸಮಾಧಿಯಾಗಲಿ, ಪುರಾತನ ಅವಶೇಷವಾಗಲಿ, ಇತರೆ ಯಾವುದೇ ಅಡ್ಡಿಯಾಗಲಿ ಇರುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.' ಮುಳ್ಳುಮರ ಕಡಿದರು. ಊರಿನಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ವಾಕ್ಯದ ಬಿಗಿಯೇ ಅಂಥದ್ದೆಂದು ಹೆಮ್ಮೆಪಟ್ಟಿದ್ದೆ.

ಇದೇ ೧೭ರಂದು ನೀರಿನ ಕೊಳವೆಗಾಗಿ ಅದೇ ಮೂಲೆಯನ್ನು ಅಗೆಯುತ್ತಾರೆ.

ಡೀಲಿಯಾಗೆ ಈಗ ಎಪ್ಪತ್ತೆರಡು. ಮಗ ಬಾಸ್ಟನ್ನಿನಲ್ಲಿದ್ದಾನೆಂದೇ ತಿಳಿದಿದ್ದಾಳೆ. ಹಾಗಲ್ಲವೆಂದು ಚೀಟಿ ಬರೆದವರಿಗೆ ತಿಳಿದಿದೆ. ಅವರು ಬಾಯಿ ತೆರೆದ ದಿನ ನನಗೆ ತಂಗಿ ಇರುವುದಿಲ್ಲ.

ಗೇಟಿನ ಸದ್ದು.

ನವೆಂಬರ್ ೪, ಬುಧವಾರ. ೧೨.

ಹೊಲದ ಕಡೆ ಹೋಗಿದ್ದೆ. ಇಪ್ಪತ್ತು ವರ್ಷದ ಮೇಲೆ. ಮೂಲೆಯಲ್ಲಿ ಗೂಟ ಹೊಡೆದಿದ್ದಾರೆ, ತಲೆಗೆ ಕೆಂಪು ಬಣ್ಣ. ಏಳು ಗೂಟ. ನಾಲ್ಕನೆಯದು — ಆ ಜಾಗವೋ ಅಲ್ಲವೋ ನಿಶ್ಚಯಿಸಲಾಗಲಿಲ್ಲ. ಗೋಡೆ ಹಿಡಿದು ನಿಂತೆ.

ಪ್ಯಾಕಿ ರುವಾನ್ ಅಲ್ಲಿದ್ದ. ಅಗೆಯುವ ಯಂತ್ರ ಅವನದು. ಕೆಲಸ ಹಿಡಿದವನೂ ಅವನೇ. ನಲವತ್ತೈದರ ಗಂಡಸು. ಎಂಟನೆಯ ವಯಸ್ಸಿಗೇ ಶಾಲೆ ಬಿಟ್ಟವನು, ಪಾಪದವನು.

"ಜಾರೀತು ಮಾಸ್ಟ್ರೇ, ಹುಷಾರು. ಈ ಮೂಲೆ ಬೇಸಿಗೇಲೂ ಒಣಗಲ್ಲ."

"ಇಲ್ಲಿಯೇ ಅಗೆಯಬೇಕೇ?"

"ನಕ್ಷೇಲಿ ಹಂಗೇ ಗೀಟು ಎಳೆದವ್ರೆ. ನಾನು ಕೇಳ್ದೆ ಇಂಜಿನಿಯರನ್ನ, ಸ್ವಲ್ಪ ಆಚೆ ಹೋಗಬಾರ್ದಾ ಅಂತ. ಯಾಕೆ, ಅಲ್ಲೇನೂ ಇಲ್ಲ ಅಂತ ನಿಮ್ಮ ಪೋಸ್ಟ್ ಮಾಸ್ಟರೇ ಬರೆದುಕೊಟ್ಟವ್ರಲ್ಲ ಅಂದ. ಬರೆದಿದ್ರಾ?"

"ಬರೆದಿದ್ದೆ."

"ಹಂಗಾದ್ರೆ ಏನೂ ಇಲ್ಲ."

"ಇಲ್ಲ."

ಅವನು ಟೋಪಿ ತೆಗೆದು ಒಳಗೆ ನೋಡಿದ. ಮತ್ತೆ ಹಾಕಿಕೊಂಡ. "ಮನೆ ತಂಕ ಬಿಟ್ಟುಬರ್ಲಾ?" ಅಂದ. ಬೇಡವೆಂದೆ.

ನವೆಂಬರ್ ೬, ಶುಕ್ರವಾರ. ಸಂಜೆ ೪.

ಎರಡು ದಿನ ಪೆನ್ನು ಮುಟ್ಟಲಿಲ್ಲ. ಕಿಟಕಿಯ ಹೊರಗೆ ಯಾರೇ ಹೋದರೂ ಪರದೆ ಸರಿಸಿ ನೋಡುತ್ತೇನೆ.

ಮಧ್ಯಾಹ್ನ ಡೀಲಿಯಾ ರೇಡಿಯೋ ಕೇಳುತ್ತ ಕಾಲುಚೀಲ ಹೊಲಿಯುತ್ತಿದ್ದಳು. ಅಮೆರಿಕದಿಂದ ಒಬ್ಬ ಮಗ ಬಂದು ಗಾಲ್ವೆಯಲ್ಲಿ ಹೆತ್ತ ತಾಯಿಯನ್ನು ಹುಡುಕಿ ಕಂಡುಹಿಡಿದನಂತೆ.

"ಕೇಳಿದ್ಯಾ? ಬಂದವನಿಗೆ ಏನು ತಿನ್ನಕ್ಕೆ ಕೊಡೋದು ಅಂತ ಅವಳಿಗೆ ಯೋಚನೆಯಂತೆ. ಅಲ್ಲಿಯವರು ಬೆಳಿಗ್ಗೆ ಏನೇನೋ ತಿಂತಾರಂತಲ್ಲ."

ರೇಡಿಯೋದ ಸದ್ದು ತಗ್ಗಿಸಿದೆ.

"ನಮ್ಮವನಿಗೆ ಐವತ್ತಮೂರು. ಅಪ್ಪನ ಹಂಗೆ ಬೋಳಾಗಿರಬೌದು." ದಾರ ಕಚ್ಚಿ ತುಂಡರಿಸಿದಳು. "ಕಾನ್ವೆಂಟಿಗೆ ಒಂದು ಅರ್ಜಿ ಬರೆದುಕೊಡು ಫಿಂಟನ್. ವಿಳಾಸ ಕೊಡಿ ಅಂತ. ಈಗ ಕೊಡ್ತಾರಂತೆ. ಊರಿಗೆಲ್ಲ ಬರೆದುಕೊಟ್ಟಿದ್ದೀಯ, ನಾನು ಯಾವತ್ತಾದ್ರೂ ಏನಾದ್ರೂ ಬರಿ ಅಂತ ಕೇಳಿದ್ದೀನಾ?"

"ನೋಡೋಣ," ಎಂದೆ.

ಆ ಹದಿನೇಳು ಪತ್ರ ಅವಳ ಹಾಸಿಗೆಯ ಕೆಳಗೆ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಪ್ರತಿ ಫೆಬ್ರವರಿಯಲ್ಲಿ ತೆಗೆದು ಓದುತ್ತಾಳೆ. ಆ ದಿನ ನಾನು ಹಿತ್ತಿಲಿಗೆ ಹೋಗಿ ಸೌದೆ ಜೋಡಿಸುತ್ತೇನೆ.

ನವೆಂಬರ್ ೮, ಭಾನುವಾರ. ೧.

ಪೂಜೆಯ ನಂತರ ಪೆಟ್ಟಿಗೆಯಲ್ಲಿ ಎರಡನೆಯ ಚೀಟಿ. ಅದೇ ಅಕ್ಷರ.

'ಹೆವರಿನ್ ಹೊಲದ ಮಗುವನ್ನು ಓದಲಿಲ್ಲ. ಯಂತ್ರ ಬರುವುದಕ್ಕೆ ಮುಂಚೆ ಓದಿ.'

ನನ್ನನ್ನು ಕಾಯುತ್ತಿದ್ದಾರೆ. ಚರ್ಚಿನೊಳಗೇ ಕುಳಿತು, ನಾನು ಏನು ಬರೆದೆ ಏನು ಬಿಟ್ಟೆ ಎಂದು ಕಿವಿಗೊಟ್ಟು ಕೇಳಿದ್ದಾರೆ. ಇನ್ನೂರು ಜನ. ಹೊರಬರುವಾಗ ಪ್ರತಿಯೊಬ್ಬರೂ "ಚಳಿ ಶುರುವಾಯ್ತು ಮಾಸ್ಟ್ರೇ" ಅಂದರು. ಅವರಲ್ಲಿ ಒಬ್ಬರು.

ನವೆಂಬರ್ ೯, ಸೋಮವಾರ. ಸಂಜೆ ೫.

ಉಪಾಯ ಮಾಡಿದೆ. ಚರ್ಚಿನ ಕ್ರಿಸ್‌ಮಸ್ ಲಾಟರಿಯ ಪುಸ್ತಕ ಕೇಳಿ ತೆಗೆದುಕೊಂಡೆ — ಬಹುಮಾನ ಒಂದು ಬಾತು. ಟೆಸ್ಸಿಯ ಅಂಗಡಿಯಲ್ಲಿ ಕುಳಿತೆ. ಹೆಸರು ವಿಳಾಸಗಳನ್ನು ದೊಡ್ಡ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಸ್ವಂತ ಕೈಯಿಂದ ತುಂಬತಕ್ಕದ್ದೆಂದು ನಿಯಮ ಮಾಡಿದೆ.

ಟೆಸ್ಸಿ: "ಇದ್ಯಾವ ಕಾನೂನು ಮಾಸ್ಟ್ರೇ? ಬಾತಿಗೇನು ಓದು ಬರುತ್ತಾ?"

"ಕ್ರಮ ಎಂಬುದೊಂದಿದೆ."

"ನಿಮ್ಮ ಕ್ರಮಕ್ಕೆ ನನ್ನ ಸೊಂಟ ಬಿದ್ದುಹೋಗುತ್ತೆ. ತಗೊಳ್ಳಿ. ಟೆಸ್ಸಿ ಅನ್ನೋದಕ್ಕೆ ಎಷ್ಟು ಸ ಅಂತ ಮದುವೆಯಾದಾಗಿಂದ ಮರೆತುಹೋಗಿದೆ, ಅವನು ಕರೀತಿದ್ದದ್ದೇ 'ಏಯ್' ಅಂತ."

ಮೂವತ್ತೊಂದು ಜನ ಬರೆದರು. ಪ್ಯಾಕಿ ಬಂದಾಗ ಅವನ ಕೈಯೆಲ್ಲ ಗ್ರೀಸು. "ನೀವೇ ಬರೀರಿ ಮಾಸ್ಟ್ರೇ, ಪುಸ್ತಕ ಹಾಳಾಗುತ್ತೆ" ಅಂದ. ಅವನದನ್ನು ಎಂದಿನಂತೆ ನಾನೇ ಬರೆದೆ.

ಮನೆಗೆ ಬಂದು ಭೂತಗನ್ನಡಿ ಹಿಡಿದು ಒಂದೊಂದನ್ನೇ ಚೀಟಿಯ ಪಕ್ಕ ಇಟ್ಟು ನೋಡಿದೆ. ಯಾವುದೂ ಅಲ್ಲ. ಈ ಊರಿನವರಲ್ಲದಿದ್ದರೆ ಮತ್ತೆ ಯಾರು. ಅಪ್ಪನ ಕೈಬರಹವನ್ನೂ ತೆಗೆದು ನೋಡಿದೆ. ಇದನ್ನು ಬರೆದಿಡಲು ನಾಚಿಕೆಯಾಗುತ್ತದೆ.

ನವೆಂಬರ್ ೧೧, ಬುಧವಾರ. ೧೨.

ಫಾದರ್ ಜಾರ್ಲತ್ ಕರೆಸಿದ್ದರು. ನನ್ನ ವಯಸ್ಸಿನ ಅರ್ಧ ಅವರದು. ಮೇಜಿನ ಮೇಲೆ ಮೂರನೆಯ ಚೀಟಿ. ನೇರ ಅವರ ಬಾಗಿಲ ಕೆಳಗೆ ತೂರಿಸಿದ್ದಾರೆ.

"ಇದು ಮೂರನೆಯದು ಅಂತ ಇದರಲ್ಲೇ ಬರೆದಿದೆ ಮಾಸ್ಟ್ರೇ. ಪುಸ್ತಕ ನೋಡಿದೆ. ಒಂದೂ ಇಲ್ಲ. ನಿಮ್ಮಿಂದ ಒಂದು ಸಾಲು ತಪ್ಪಿದ್ದನ್ನ ನಾನು ಕಂಡವನಲ್ಲ."

"ಹೆಸರಿಲ್ಲದ್ದನ್ನು ಹೇಗೆ ಏರಿಸಲಿ ಫಾದರ್?"

"ಹೆಸರಿಲ್ಲ ಅಂತಲೇ ಏರಿಸಿ."

"ಜ್ಞಾನಸ್ನಾನವಾಗದವರಿಗೆ ಪಟ್ಟಿಯಲ್ಲಿ ಸ್ಥಾನವಿಲ್ಲ. ಮೊದಲಿನಿಂದ ಬಂದದ್ದು."

"ಅಯ್ಯೋ, ಅದೆಲ್ಲ ಅಜ್ಜಿ ಕಾಲದ್ದು. ಈಗ ಯಾರು ಕೇಳ್ತಾರೆ?" ಬಿಸ್ಕತ್ತು ಮುಂದೆ ತಳ್ಳಿದರು. "ಬರೋ ಭಾನುವಾರ ನಾನೇ ಓದ್ತೀನಿ. 'ಹೆವರಿನ್ ಹೊಲದ ಮಗು.' ನಿಮ್ಮ ಹೊಲ ತಾನೆ, ನಿಮಗೇನೂ ಅಭ್ಯಂತರ ಇಲ್ಲವಲ್ಲ?"

ಅಭ್ಯಂತರವಿದೆ ಎಂದರೆ ಕಾರಣ ಕೇಳುತ್ತಾರೆ. ಇಲ್ಲವೆಂದೆ.

ಅಜ್ಜಿಯ ಕಾಲ ಎಂದರು. ಅದು ನನ್ನ ಕಾಲ.

ಭಾನುವಾರ ಡೀಲಿಯಾ ಎರಡನೆಯ ಸಾಲಿನಲ್ಲಿ ಕುಳಿತಿರುತ್ತಾಳೆ. ಹಳೆಯ ಹೊಲ, ಹಳೆಯ ಮಗು ಎಂದು ಬಿಟ್ಟುಬಿಡುವ ಹೆಂಗಸಲ್ಲ. ಮನೆಗೆ ಬಂದು "ಯಾವ ಮಗು?" ಎಂದು ಕೇಳುತ್ತಾಳೆ. ನನ್ನ ಮುಖ ನೋಡಿಕೊಂಡು ಕೇಳುತ್ತಾಳೆ. ಅಥವಾ ಚೀಟಿ ಬರೆದವರೇ ಚರ್ಚಿನ ಬಾಗಿಲಲ್ಲಿ ಅವಳ ತೋಳು ಹಿಡಿದು ಹೇಳುತ್ತಾರೆ.

ಮೂರು ದಿನ ಉಳಿದಿದೆ.

ನವೆಂಬರ್ ೧೩

ಹೇಳಲಾಗಲಿಲ್ಲ. ಎರಡು ಬಾರಿ ಅಡುಗೆಮನೆಯವರೆಗೆ ಹೋಗಿ ಉಪ್ಪು ಕೇಳಿ ಬಂದೆ.

ನವೆಂಬರ್ ೧೪, ಶನಿವಾರ. ೧೨.೩೦.

ಹೇಳಿದೆ.

ಡೀಲಿಯಾ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. "ನಾಳೆ ಫಾದರ್ ಒಂದು ಚೀಟಿ ಓದ್ತಾರೆ. ಅದಕ್ಕೆ ಮೊದಲು ನಿನ್ನ ಗಮನಕ್ಕೆ ತರಬೇಕಾದ ಒಂದು ವಿಷಯ—" ಎಂದು ಶುರು ಮಾಡಿದೆ.

"ಚಿಕ್ಕದಾಗಿ ಹೇಳು. ಸೋಡಾ ಬಿದ್ದ ಹಿಟ್ಟು ಕಾಯಲ್ಲ."

ಚಿಕ್ಕದಾಗಿಯೇ ಹೇಳಿದೆ. ಕಾನ್ವೆಂಟಿಗೆ ಹೋಗಲಿಲ್ಲ. ಸೇತುವೆಯ ಹತ್ತಿರ ಮಗು ತೀರಿಕೊಂಡಿತು. ನಮ್ಮ ಹೊಲದ ಮೂಲೆಯಲ್ಲಿದೆ. ನಾಲ್ಕನೆಯ ವಾಕ್ಯ ಬಾಯಿಗೆ ಬರಲಿಲ್ಲ.

ಅವಳು ಹಿಟ್ಟನ್ನು ಉಂಡೆ ಮಾಡಿದಳು. ಚಾಕುವಿನಿಂದ ಮೇಲೆ ಶಿಲುಬೆ ಕೊಯ್ದಳು. ಒಲೆಯೊಳಗಿಟ್ಟು ಬಾಗಿಲು ಮುಚ್ಚಿದಳು. ಕೈ ತೊಳೆದಳು, ಒಂದೊಂದೇ ಬೆರಳು.

"ಯಾವ ಮೂಲೆ?"

"ರಸ್ತೆ ಕಡೆಯದು. ಕಿಲ್ಲೀನ್."

"ತಲೆ ಯಾವ ಕಡೆ?"

"ನೆನಪಿಲ್ಲ."

"ನೆನಪು ಮಾಡ್ಕೋ." ಕೈ ಒರೆಸಿಕೊಂಡಳು. "ಪತ್ರ?"

"ನಾನು."

"ಎಲ್ಲನೂ?"

"ಹದಿನೇಳೂ."

ಕುರ್ಚಿ ಎಳೆದು ಕುಳಿತಳು. ನನ್ನನ್ನು ನೋಡಲಿಲ್ಲ. ಒಲೆಯನ್ನು ನೋಡುತ್ತ ಹೇಳಿದಳು: "ಆರನೇ ವರ್ಷ ಅವನಿಗೆ ದಡಾರ ಅಂತ ನೀನು ಬರೆದಿದ್ದೆ. ವಾಸಿಯಾಗಲಿ ಅಂತ ನಾನು ಈಸ್ಟರಿಗೆ ಮುಂಚಿನ ತಪಸ್ಸಿನ ನಲವತ್ತು ದಿನವೂ ಚಹಾಕ್ಕೆ ಸಕ್ಕರೆ ಹಾಕ್ಕೊಳ್ಳಲಿಲ್ಲ. ಆ ದಡಾರ ಯಾಕೆ ಬೇಕಿತ್ತು ಫಿಂಟನ್?"

"ಪತ್ರ ನಿಜದಂತೆ ಕಾಣಲಿ ಎಂದು."

ಎದ್ದು ಕೋಳಿಗೂಡಿನ ಕಡೆ ಹೋದಳು. ರೊಟ್ಟಿ ಸುಡುತ್ತಿರುವ ವಾಸನೆ. ತೆಗೆಯಲು ಧೈರ್ಯ ಬರುತ್ತಿಲ್ಲ.

ಅದೇ ದಿನ, ೩.೧೫.

ಪ್ಯಾಕಿ ರುವಾನ್ ಬಂದಿದ್ದ. ಕುಳಿತುಕೊಳ್ಳಲಿಲ್ಲ. ಟೋಪಿ ಕೈಯಲ್ಲಿ.

"ಮಾಸ್ಟ್ರೇ, ಒಂದು ತಪ್ಪಾಗಿದೆ ನನ್ನಿಂದ. ನಿಮ್ಮ ಹೊಲದ ಹೆಸರು ಬರೆದು ಚೀಟಿ ಹಾಕಿದ್ದು ನಾನು. ನಾಳೆ ಫಾದರ್ ಓದ್ತಾರಂತೆ. ಅದಕ್ಕೆ ಮುಂಚೆ ನಿಮಗೆ ಹೇಳಬೇಕು ಅನ್ನಿಸ್ತು."

ನನಗೆ ಗುರುತು ಸಿಗದ ಒಂದೇ ಕೈಬರಹ. ಅವನ ಅಮ್ಮನ ಪಿಂಚಣಿ, ಅವನ ಯಂತ್ರದ ಪರವಾನಗಿ, ಅವನ ಮದುವೆಯ ಕಾಗದ — ಎಲ್ಲವನ್ನೂ ಬರೆದುಕೊಟ್ಟವನು ನಾನು. ಅವನು ಬರೆದ ಒಂದಕ್ಷರವನ್ನೂ ನಾನು ಎಂದೂ ನೋಡಿದ್ದಿಲ್ಲ.

"ನಮ್ಮ ಮಗು ನಿನಗೆ ಹೇಗೆ ಗೊತ್ತು?" ಎಂದು ಕೇಳಿಬಿಟ್ಟೆ.

ಅವನಿಗೆ ಅರ್ಥವಾಗಲಿಲ್ಲ. "ನಿಮ್ಮದ್ಯಾವುದು? ನಮ್ಮಣ್ಣ ಮಾಸ್ಟ್ರೇ. ನನಗಿಂತ ಮೊದಲು ಹುಟ್ಟಿದ್ದು. ಐವತ್ತೊಂದರಲ್ಲಿ. ಹುಟ್ಟುವಾಗಲೇ ಉಸಿರಿರಲಿಲ್ಲ. ಅಪ್ಪ ನಿಮ್ಮ ಬೇಲಿ ದಾಟಿ ಅಲ್ಲಿಟ್ಟು ಬಂದ. ಕೇಳದೆ ಇಟ್ಟೆ, ಹೆವರಿನ್ ಮನೆಯವರಿಗೆ ತಿಳಿಯಬಾರದು ಅಂತಿದ್ದ ಸಾಯೋ ತಂಕ." ಟೋಪಿಯ ಅಂಚು ತಿರುವಿದ. "ನಾನೇ ಅಗೆಯಬೇಕಲ್ಲ ಈಗ. ಅದಕ್ಕೆ ಒಂದ್ಸಲ ಚರ್ಚಲ್ಲಿ ಓದಿಸೋಣ ಅಂತ. ಬಾಯಿಬಿಟ್ಟು ಹೇಳಕ್ಕೆ ಆಗ್ಲಿಲ್ಲ. ಅಮ್ಮ ಆಣೆ ಹಾಕಿಸಿದ್ಲು."

"ನಿಮ್ಮದೊಂದೇನಾ?"

"ಎಲ್ಲಿ ಒಂದು? ಟೆಸ್ಸಿ ಮನೇದು ಎರಡು. ಗಿರಣಿಯವರದು. ಶಾಲೆ ಮೇಡಮ್ಮಂದು. ಹನ್ನೊಂದೋ ಹನ್ನೆರಡೋ, ಅಮ್ಮ ಎಣಿಸ್ತಿದ್ಲು. ಅರವತ್ತೊಂದರಲ್ಲಿ ನಿಮ್ಮ ಕಾಗದ ಹೋದಾಗ, ಅಲ್ಲೇನೂ ಇಲ್ಲ ಅಂತ, ಅಮ್ಮ ಅಡುಗೆಮನೆ ನೆಲದ ಮೇಲೆ ಕೂತುಬಿಟ್ಲಂತೆ. ಆಮೇಲೆ ಹೇಳಿದ್ಲಂತೆ, ಮಾಸ್ಟ್ರು 'ಇದೆ' ಅಂತ ಬರೆದಿದ್ರೆ ಯಾರ್‍ಯಾರದ್ದು ಅಂತ ಕೇಳೋರು, ಇದೇ ಒಳ್ಳೇದಾಯ್ತು ಅಂತ."

ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ವಾಕ್ಯದ ಬಿಗಿಯಿಂದಲ್ಲ.

ಅವನು ಹೋದ ಮೇಲೆ ಲೆಕ್ಕ ಹಾಕಿದೆ. ಮೂರು ತಾಸು. ಇವನು ಮೂರು ತಾಸು ಮೊದಲು ಬಂದಿದ್ದರೆ ನಾನು ಬಾಯಿ ತೆರೆಯಬೇಕಿರಲಿಲ್ಲ. 'ರುವಾನ್ ಮನೆಯವರದು' ಎಂದರೆ ಮುಗಿಯುತ್ತಿತ್ತು. ಡೀಲಿಯಾ ಬಾಸ್ಟನ್ನಿನ ಮಗನಿಗೆ ತಿಂಡಿ ಯೋಚಿಸುತ್ತ ಇರುತ್ತಿದ್ದಳು.

ಹೀಗೆ ಯೋಚಿಸಿದ್ದಕ್ಕೆ ಈಗ ನನ್ನ ಬಗ್ಗೆಯೇ ಭಯವಾಗುತ್ತಿದೆ.

ನವೆಂಬರ್ ೧೫, ಭಾನುವಾರ. ೨.

ಬೆಳಿಗ್ಗೆ ಅವಳು ನನಗೆ ಚಹಾ ಇಡಲಿಲ್ಲ. ಚರ್ಚಿಗೆ ಹತ್ತು ಹೆಜ್ಜೆ ಮುಂದೆ ನಡೆದಳು.

ಫಾದರ್ ಓದಿದರು: "ಹೆವರಿನ್ ಹೊಲದ ಮೂಲೆಯಲ್ಲಿರುವ ಮಗುವಿಗೆ. ಹೆಸರು ಇಲ್ಲ." ಎಲ್ಲರೂ ತಿರುಗಿ ನಮ್ಮನ್ನು ನೋಡುತ್ತಾರೆಂದು ಕುತ್ತಿಗೆ ಬಿಗಿ ಮಾಡಿ ಕುಳಿತಿದ್ದೆ. ಒಬ್ಬರೂ ನೋಡಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮಡಿಲು ನೋಡುತ್ತಿದ್ದರು. ಟೆಸ್ಸಿ ಕೈಗವಸು ಬಿಚ್ಚಿದಳು, ಹಾಕಿದಳು, ಬಿಚ್ಚಿದಳು.

ವಾಪಸು ಬರುವಾಗ ಸೇತುವೆಯ ಮೇಲೆ ಡೀಲಿಯಾ ನಿಂತಳು. ನಿನ್ನೆಯಿಂದ ಮೊದಲ ಮಾತು.

"ಹೆಸರಿಲ್ಲ ಅಂತ ಓದಿದರಲ್ಲ. ಹೆಸರಿದೆ."

"ಫ್ರಾನ್ಸಿಸ್ ನಾನು ಇಟ್ಟದ್ದು ಡೀಲಿಯಾ. ಪತ್ರಕ್ಕಾಗಿ—"

"ನಿನ್ನ ಫ್ರಾನ್ಸಿಸ್ ಯಾರಿಗೆ ಬೇಕು? ಕಾಲ್ಮನ್. ಕಾಲ್ಮನ್ ಅಂತ ನಾನು ಇಟ್ಟೆ. ಅಮ್ಮ ಬಟ್ಟೆ ತರಕ್ಕೆ ಆಚೆ ಹೋದಾಗ. ಮೈ ತೊಳೆದ ಬೋಗುಣಿ ಪಕ್ಕದಲ್ಲೇ ಇತ್ತು. ಹೂಜಿಯಲ್ಲಿ ಒಳ್ಳೆ ನೀರಿತ್ತು. ತಲೆ ಮೇಲೆ ಮೂರು ಸಲ ಹಾಕಿದೆ. ತಂದೆಯ, ಮಗನ, ಪವಿತ್ರಾತ್ಮದ ಹೆಸರಲ್ಲಿ. ಹೊತ್ತು ಮೀರುತ್ತೆ ಅನ್ನೋ ಹಂಗಿದ್ರೆ ಯಾರು ಬೇಕಾದ್ರೂ ಜ್ಞಾನಸ್ನಾನ ಕೊಡಬೌದು ಅಂತ ಶಾಲೇಲಿ ಕಲಿಸಿದ್ರಲ್ಲ. ನೀನೂ ಕಲಿತಿದ್ದೆ."

ಕಲಿತಿದ್ದೆ. ನನಗೆ ಬಹುಮಾನ ಬಂದಿತ್ತು.

"ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರಿ? ನನ್ನಂಥ ಪಾಪಿ ಮಾಡಿದ್ದು ಸಲ್ಲುತ್ತೋ ಇಲ್ಲವೋ, ಅಮ್ಮ ಬೈದಾಳು ಅಂತ ಸುಮ್ಮನಿದ್ದೆ. ಹೆಂಗೂ ಕಾನ್ವೆಂಟಲ್ಲಿ ಇನ್ನೊಂದ್ಸಲ ಮಾಡ್ತಾರೆ ಅಂದ್ಕೊಂಡೆ." ಗೋಡೆಯ ಮೇಲೆ ಕೈಯಿಟ್ಟು ನೀರು ನೋಡಿದಳು. "ಅವನಿಗೆ ಆಗಿತ್ತು ಫಿಂಟನ್. ಎಲ್ಲ ಸರಿಯಾಗಿ ಆಗಿತ್ತು. ಅಮ್ಮನ ಪಕ್ಕದಲ್ಲೇ, ಚರ್ಚಿನ ಅಂಗಳದಲ್ಲೇ ಜಾಗ ಇತ್ತು ಅವನಿಗೆ."

ಹೊರಟಳು. ನಾನು ಸೇತುವೆಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ. ಟೆಸ್ಸಿ ಕಾರು ನಿಲ್ಲಿಸಿ ಹತ್ತಿಸಿಕೊಂಡಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳಿಗೆ ಅದು ಸುಲಭವಲ್ಲ.

ನವೆಂಬರ್ ೧೬, ಸೋಮವಾರ. ಬೆಳಿಗ್ಗೆ ೧೦.

ಅವಳ ಅಪ್ಪಣೆ: ಯಂತ್ರ ನಿಲ್ಲಬೇಕು. ಕಾಗದ ಬರೆದವನೇ ನಿಲ್ಲಿಸಬೇಕು. ಕರಡು ಮಾಡಿ ಓದಿ ತೋರಿಸಿದೆ.

'ಮಾನ್ಯರೇ, ಕೆಳಗೆ ಸಹಿ ಮಾಡಿದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ೧೯೬೧ರಲ್ಲಿ ಸಲ್ಲಿಸಲಾದ ದೃಢೀಕರಣದಲ್ಲಿ ಕೆಲವು ಅಂಶಗಳು ಅನವಧಾನದಿಂದ—'

"ಅನವಧಾನ ಅಂದ್ರೆ?"

"ಗಮನ ತಪ್ಪಿ."

"ತಪ್ಪಿತ್ತಾ?"

"ಇಲ್ಲ."

"ಹೊಡೆದುಹಾಕು. 'ಸಲ್ಲಿಸಲಾದ' ಅಂದ್ಯಲ್ಲ, ಅದ್ಯಾರು ಸಲ್ಲಿಸಿದ್ದು?"

"ನಾನು."

"ಹಂಗೇ ಬರಿ."

ಆರು ಹಾಳೆ ಹರಿದೆ. ಅವಳು ಎದುರಿಗೆ ಕುಳಿತು ಪ್ರತಿ ಪದಕ್ಕೂ ಯಾರು, ಯಾವಾಗ, ಯಾಕೆ ಎಂದು ಕೇಳುತ್ತಾಳೆ. ಎಪ್ಪತ್ತೆಂಟು ವರ್ಷದ ನನಗೆ ಒಂದು ಅರ್ಜಿ ಬರೆಯಲು ಬರುತ್ತಿಲ್ಲ.

ಮಧ್ಯಾಹ್ನ ೩.

ಕೌಂಟಿ ಕಚೇರಿಗೆ ಫೋನು ಮಾಡಿಸಿದೆವು, ಫಾದರ್ ಮನೆಯಿಂದ. ಇಂಜಿನಿಯರ್ ಹೇಳಿದ್ದು: ಫೈಲಿನಲ್ಲಿ ದೃಢೀಕರಣವಿದೆ; ಕಾಗದ ಬಂದು ತಲುಪಿ ಪರಿಶೀಲನೆಯಾಗುವವರೆಗೆ ಕೆಲಸ ನಿಲ್ಲಿಸಲು ಬರುವುದಿಲ್ಲ. ಸಹಿ ಮಾಡಿದವರು ಬದುಕಿದ್ದರೆ ನಾಳೆ ಎಂಟೂವರೆಗೆ ಸ್ಥಳಕ್ಕೆ ಬಂದು, ಸಾಕ್ಷಿಗಳ ಎದುರು, ತಮ್ಮ ಹೇಳಿಕೆ ಸುಳ್ಳೆಂದು ಬಾಯಿಯಿಂದ ಹೇಳಬೇಕು. ಆಗ ಮಾತ್ರ.

ಪ್ಯಾಕಿ: "ನಾನು ಯಂತ್ರ ಹತ್ತಲ್ಲ. ಆದ್ರೆ ಅವರು ಬೇರೆ ಯಂತ್ರ ತಂದು ಬೇರೆಯವನನ್ನ ಹತ್ತಿಸ್ತಾರೆ."

ಸಾಕ್ಷಿಗಳು ಎಂದರೆ ಊರು. ನಲವತ್ತು ವರ್ಷ ನನ್ನ ಸಹಿಯನ್ನು ನಂಬಿ ತಮ್ಮ ಹೆಸರು ಕೊಟ್ಟ ಊರು. ಪೊಲೀಸರು ಬರಬಹುದು. ಮೂಳೆ ಎಂದರೆ ಬರುತ್ತಾರೆ. ಅಂಚೆಯ ಮೊಹರನ್ನು ದುರುಪಯೋಗಪಡಿಸಿದ್ದಕ್ಕೆ ಈ ವಯಸ್ಸಿನಲ್ಲಿ ಏನು ಮಾಡುತ್ತಾರೋ. ಇವೆಲ್ಲ ಒಂದು ಕಡೆ. ಡೀಲಿಯಾಗೆ ಹೇಳಬೇಕಾಗಿದ್ದುದು ನಾಲ್ಕು ವಾಕ್ಯ; ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಅವಳೊಬ್ಬಳೆದುರು ಮೂರೇ ಹೊರಟವು. ಅಲ್ಲಿ ಊರೆದುರು ಎಷ್ಟು ಹೊರಡುತ್ತವೆ?

"ನಾನು ಹೇಳದೆ ಹೋದರೆ?" ಎಂದು ಡೀಲಿಯಾಳನ್ನು ಕೇಳಿದೆ.

"ನಿನ್ನಿಂದ ಯಾವ ಪತ್ರವೂ ಬೇಡ ನನಗೆ ಇನ್ನು," ಅಂದಳು. ಅಷ್ಟೇ.

ನವೆಂಬರ್ ೧೭, ಮಂಗಳವಾರ. ಬೆಳಿಗ್ಗೆ ೮.

ಬೆಳಕು ಬಿಟ್ಟಿದೆ. ಮಂಜು. ಕಿಟಕಿಯಿಂದ ಹೊಲ ಕಾಣುತ್ತದೆ. ಗೋಡೆಯುದ್ದಕ್ಕೂ ಜನ — ಟೆಸ್ಸಿ, ಗಿರಣಿಯವರು, ಶಾಲೆಯ ಮೇಡಂ, ಫಾದರ್. ಯಾರೂ ಯಾರ ಜೊತೆಗೂ ಮಾತಾಡುತ್ತಿಲ್ಲ. ಹೊಸಬನೊಬ್ಬ ಯಂತ್ರದ ಹತ್ತಿರ ಸಿಗರೇಟು ಸೇದುತ್ತಿದ್ದಾನೆ. ಪ್ಯಾಕಿ ಅವನಿಂದ ದೂರ ನಿಂತಿದ್ದಾನೆ.

ಡೀಲಿಯಾ ಏಳಕ್ಕೇ ಹೋದಳು. ಅಡುಗೆಮನೆಯ ಕುರ್ಚಿ ಹೊತ್ತುಕೊಂಡು. ನಾಲ್ಕನೆಯ ಗೂಟದ ಪಕ್ಕ ಹಾಕಿಕೊಂಡು ಕುಳಿತಿದ್ದಾಳೆ, ಭಾನುವಾರದ ಕೋಟು, ಕೈ ಮಡಿಲಲ್ಲಿ. ಒಂದೇ ಕುರ್ಚಿ ಒಯ್ದಿದ್ದಾಳೆ.

ತಲೆ ಪಶ್ಚಿಮಕ್ಕೆ. ಬೆಳಿಗ್ಗೆ ನೆನಪಾಯಿತು. ಅಪ್ಪ ಶಾಲನ್ನು ತಿರುಗಿಸಿ ಮಲಗಿಸಿದ್ದರು, ಚರ್ಚಿನ ಕಡೆಗೆ ಕಾಲು. ಅವಳಿಗೆ ಹೇಳಬೇಕು.

ಹೇಳಬೇಕಾದ್ದನ್ನು ಬರೆದುಕೊಂಡಿದ್ದೇನೆ. 'ಇಲ್ಲಿ ಏನೂ ಇಲ್ಲವೆಂದು ನಾನು ಬರೆದೆ. ಸುಳ್ಳೆಂದು ಗೊತ್ತಿದ್ದೇ ಬರೆದೆ. ಇಲ್ಲಿ ನನ್ನ ತಂಗಿಯ ಮಗ ಕಾಲ್ಮನ್ ಇದ್ದಾನೆ, ನಾನೇ ಹೂಳಿದೆ. ಅವನ ಜೊತೆ ಇರುವವರು—' ಉಳಿದ ಹೆಸರು ನನಗೆ ಗೊತ್ತಿಲ್ಲ. ಅವರವರೇ ಹೇಳಬೇಕು. ಹೇಳುತ್ತಾರೋ ಇಲ್ಲವೋ.

ಎರಡು ಬಾರಿ ಗಟ್ಟಿಯಾಗಿ ಓದಿ ನೋಡಿದೆ. ಎರಡು ಸಲವೂ ಎರಡನೆಯ ವಾಕ್ಯವನ್ನು ಹಾರಿಸಿಬಿಟ್ಟೆ. ಅದನ್ನು ಹಾರಿಸಬಾರದು.

ಇಂಜಿನಿಯರನ ಕಾರು ಬಂತು. ಡೀಲಿಯಾ ಮನೆಯ ಕಡೆ ತಿರುಗಿ ನೋಡುತ್ತಿದ್ದಾಳೆ. ಕೈ ಮಾಡುತ್ತಿಲ್ಲ, ಕರೆಯುತ್ತಿಲ್ಲ, ನೋಡುತ್ತಿದ್ದಾಳೆ ಅಷ್ಟೇ. ಕೋಟಿನ ಗುಂಡಿ ಹಾಕಿಲ್ಲ. ಹಾಗೆಯೇ ಹೋಗುತ್ತೇನೆ. ಯಂತ್ರದ ಸದ್ದು ಶುರುವಾ—